ತಿದಿ ಒತ್ತುವ ಕೈಗೆ ಏನು?

ಹಲಗೂರಿನ ಹೆಸರನ್ನು ನಾಡಿಗೆಲ್ಲ ಹಾಡಿ ಸಾರಿದವರು ನೀಲಗಾರರು. ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಬರುವುದು ಇಲ್ಲಿಯ ಪಾಂಚಾಳರ ಬಳಿಗೇ. ಅಂದು ಬೇಡಿದವನು ಸಿದ್ಧಪ್ಪಾಜಿ. ಇಂದು ಅರ್ಜಿ ಹಿಡಿದು ನಿಂತವರು ಕಬ್ಬಿಣ ಬಡಿಯುವವರೇ.

2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳವರಿಗೆ ಉಪಕರಣಕ್ಕೆಂದು 15,000 ರೂಪಾಯಿ, ಒತ್ತೆಯಿಲ್ಲದೆ 3 ಲಕ್ಷದವರೆಗೆ ಸಾಲ ಉಂಟು. ಒಳ್ಳೆಯದೇ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಆ ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ನೆರವು! ಗಂಡ ಸುತ್ತಿಗೆ ಎತ್ತಿ ಹೆಂಡತಿ ತಿದಿ ಒತ್ತುವ ಕುಲುಮೆಯಲ್ಲಿ ಕಸುಬುದಾರರು ಒಬ್ಬರೋ, ಇಬ್ಬರೋ? ಗಾಳಿಯಿಲ್ಲದೆ ಕೆಂಡವುಂಟೆ, ಕೆಂಡವಿಲ್ಲದೆ ಕುಡುಗೋಲುಂಟೆ?

ಗಂಡಹೆಂಡಿರಿಬ್ಬರೂ ಮೇಷ್ಟರಾದ ಮನೆಗೆ ಎರಡು ಸಂಬಳ ಬರುತ್ತದೆ. ಒಂದೇ ಸಾಕೆಂದು ನಮ್ಮಲ್ಲಿ ಯಾರೂ ವಾದಿಸಿದ್ದಿಲ್ಲ. ಕಮ್ಮಾರನ ಮನೆಗೆ ಬಂದಾಗ ಮಾತ್ರ ಈ ಲೆಕ್ಕ ಏಕೆ?

ಇರುವ ಹಣ ಹೆಚ್ಚು ಮನೆಗಳಿಗೆ ಹಂಚಿಹೋಗಲಿ ಎಂಬುದು ಇದಕ್ಕೆ ಬರುವ ಸಮಾಧಾನ. ಆಗಲಿ. ಹಾಗಾದರೆ ಹೆಂಡತಿಯ ಹೆಸರನ್ನಾದರೂ ಅದೇ ಪ್ರಮಾಣಪತ್ರದಲ್ಲಿ, ಕಸುಬುದಾರಳೆಂದೇ ಬರೆಯಿರಿ. ಅದಕ್ಕೆ ಬೊಕ್ಕಸದ ಒಂದು ಕಾಸೂ ಬೇಡ. ಒಂದು ಸಾಲು ಶಾಯಿ ಸಾಕು.