ಬೀಗ ಹಾಕಿದ ಲೇಖನಿಗಳು

ಕಳೆದ ತಿಂಗಳು ನಿಪ್ಪಾಣಿಯ ಸ್ನೇಹಿತರೊಬ್ಬರು ನನ್ನನ್ನು ಮನೆಗೆ ಕರೆದು ಗಾಜಿನ ಕಪಾಟೊಂದನ್ನು ತೋರಿಸಿದರು. ತಂಬಾಕಿನ ವ್ಯಾಪಾರದಲ್ಲಿ ಎರಡು ತಲೆಮಾರು ಗಳಿಸಿದ ಮನೆತನ. ಸ್ನೇಹಿತರು ಸಜ್ಜನರು, ಉದಾರಿಗಳು. ಕಪಾಟಿನೊಳಗೆ ಮಖಮಲ್ಲಿನ ಮೇಲೆ ಅರವತ್ತಕ್ಕೆ ಕಡಿಮೆಯಿಲ್ಲದಷ್ಟು ಫೌಂಟನ್ ಪೆನ್ನುಗಳು ಮಲಗಿದ್ದವು. ಜರ್ಮನಿಯ ಮೋಂಟ್‌ಬ್ಲಾಂಕ್ ಮತ್ತು ಪೆಲಿಕಾನ್, ಜಪಾನಿನ ಪೈಲಟ್ ಮತ್ತು ಸೇಲರ್, 1941ರಲ್ಲಿ ಮಾರುಕಟ್ಟೆಗೆ ಬಂದ ಅಮೆರಿಕದ ಪಾರ್ಕರ್ 51. ಪ್ರತಿಯೊಂದರ ಬೆಲೆಯೂ ಅವರಿಗೆ ಬಾಯಿಪಾಠ. “ಇವುಗಳಲ್ಲಿ ಯಾವುದರಿಂದ ಬರೆಯುತ್ತೀರಿ?” ಎಂದು ಕೇಳಿದೆ. ಅವರು ನಕ್ಕು, ಅಂಗಿಯ ಕಿಸೆಯಿಂದ ಹತ್ತು ರೂಪಾಯಿಯ ಬಾಲ್‌ಪೆನ್ನು ತೆಗೆದು ತೋರಿಸಿದರು.

ಆ ನಗೆಯೇ ಈ ಲೇಖನಕ್ಕೆ ಕಾರಣ. ಚಿಕ್ಕೋಡಿಯ ವೈದ್ಯರು, ರಾಯಬಾಗದ ಇಂಜಿನಿಯರರು, ಅಥಣಿ ಕಾಗವಾಡಗಳ ವಕೀಲರು, ನನ್ನಂಥ ಅಧ್ಯಾಪಕರು ಹೀಗೆ ಈ ಗೀಳು ನಮ್ಮ ಸೀಮೆಗೂ ಬಂದಿದೆ. ಬರಲಿ, ಗೀಳಿಲ್ಲದ ಮನುಷ್ಯ ನೀರಸ. ಬೆಲೆಬಾಳುವ ಪೆನ್ನಿನ ಮೇಲೆ ನನಗೆ ದ್ವೇಷವೂ ಇಲ್ಲ. ನನ್ನಲ್ಲಿಯೂ ಹನ್ನೊಂದು ಪೆನ್ನುಗಳುಂಟು. ಆದರೆ ಬರೆಯದವನು ಲೇಖನಿಯ ಸಂಗ್ರಾಹಕನಲ್ಲ, ಅದರ ಜೇಲರನು ಎಂಬ ಮಾತನ್ನು ಯಾರಾದರೂ ಒಬ್ಬರು ಗಟ್ಟಿಯಾಗಿ ಹೇಳಬೇಕಾಗಿದೆ.

ಸಂಗ್ರಾಹಕ ಮಹನೀಯರ ಮೊದಲನೆಯ ಸಮಜಾಯಿಷಿ, “ಇದು ಚಿನ್ನದ ನಿಬ್ಬು, ಸವೆಯಬಾರದು” ಎಂಬುದು. ಇದರಷ್ಟು ಅಜ್ಞಾನದ ಮಾತು ಬೇರೆ ಇಲ್ಲ. ಚಿನ್ನ ಕಾಗದವನ್ನು ಮುಟ್ಟುವುದೇ ಇಲ್ಲ. ಹದಿನಾಲ್ಕು ಕ್ಯಾರೆಟ್ಟಿನ ನಿಬ್ಬಿರಲಿ, ಉಕ್ಕಿನದಿರಲಿ, ಅದರ ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಸಣ್ಣ ಗುಂಡೊಂದು ಬರೆಯುತ್ತದೆ. ಹಿಂದಿನ ಶಾಯಿಗಳಲ್ಲಿ ಆಮ್ಲವಿರುತ್ತಿತ್ತು, ಅದು ಉಕ್ಕನ್ನು ತಿನ್ನುತ್ತಿತ್ತು. ಆದುದರಿಂದ ಚಿನ್ನ ಬೇಕಾಯಿತು. ತುಕ್ಕು ಹಿಡಿಯದ ಉಕ್ಕು ಬಂದು, ಶಾಯಿಯೂ ಸೌಮ್ಯವಾದ ಮೇಲೆ ಚಿನ್ನ ಉಳಿದಿರುವುದು ಹೆಚ್ಚಾಗಿ ಪ್ರತಿಷ್ಠೆಗಾಗಿ. ಇನ್ನು ಸವೆತದ ಮಾತು. ಹೆಸರು ಕೊಲ್ಹಾಪುರದ್ದಾದರೂ ಆ ಚಪ್ಪಲಿಯನ್ನು ಅಥಣಿಯ ಕಡೆಯ ಕುಶಲಿಗಳೂ ಹೊಲಿಯುತ್ತಾರೆ. 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಆ ಚಪ್ಪಲಿ ಮೆಟ್ಟಿದಷ್ಟೂ ಕಾಲಿಗೆ ಒಗ್ಗುತ್ತದೆ, ಕಪಾಟಿನಲ್ಲಿಟ್ಟರೆ ಸೆಟೆದುಕೊಳ್ಳುತ್ತದೆ. ನಿಬ್ಬೂ ಹಾಗೆಯೇ ಮಾಲಿಕನ ಕೈಯ ಓರೆಗೆ ವರ್ಷಗಳ ಮೇಲೆ ಮೆಲ್ಲಗೆ ಒಗ್ಗುತ್ತದೆ. ಅದು ಸವೆತವಲ್ಲ, ಸ್ನೇಹ.

ಎರಡನೆಯ ಸಮಜಾಯಿಷಿ, “ಇವು ಪದೇ ಪದೇ ಕೆಡುತ್ತವೆ, ಆದ್ದರಿಂದ ಬಳಸುವುದಿಲ್ಲ” ಎಂಬುದು. ಸತ್ಯ ಇದಕ್ಕೆ ತಲೆಕೆಳಗು: ಬಳಸದೆ ಇರುವುದರಿಂದಲೇ ಕೆಡುತ್ತವೆ. ಫೌಂಟನ್ ಪೆನ್ನಿನ ಯಂತ್ರ ಬಹಳ ಸರಳ. ನಿಬ್ಬಿನ ಕೆಳಗಿನ ಸಣ್ಣ ಕಾಲುವೆಯಲ್ಲಿ ಶಾಯಿ ಕೆಳಗಿಳಿಯಬೇಕು, ಅಷ್ಟೇ ಗಾಳಿ ಮೇಲೇರಬೇಕು. ಶಾಯಿ ತುಂಬಿ ಮರೆತರೆ ನಮ್ಮ ಚೈತ್ರದ ಬಿಸಿಲಿಗೆ ನೀರು ಆರಿಹೋಗಿ ಬಣ್ಣ ಮಾತ್ರ ಉಳಿದು ಕಾಲುವೆ ಕಟ್ಟಿಕೊಳ್ಳುತ್ತದೆ. ಹಳೆಯ ಪೆನ್ನುಗಳ ರಬ್ಬರಿನ ಚೀಲ ಸೆಟೆದು ಬಿರಿಯುತ್ತದೆ. ಆಮೇಲೆ ಮಾಲಿಕ ಕಂಪನಿಯನ್ನು ಬಯ್ಯುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಮದ್ದು ಸುಲಭ. ತಣ್ಣೀರಿನಲ್ಲಿ ನಿಬ್ಬಿನ ಭಾಗವನ್ನು ರಾತ್ರಿಯೆಲ್ಲ ಇಟ್ಟು, ಬೆಳಿಗ್ಗೆ ನೀರು ತಿಳಿಯಾಗುವವರೆಗೆ ಎಳೆದು ಬಿಡಬೇಕು. ಆಗಲೂ ಬಿಡದಿದ್ದರೆ ಒಂದು ಲೋಟ ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದೇ ಹನಿ. ಕುದಿಯುವ ನೀರು ಬೇಡ, ಸ್ಪಿರಿಟ್ ಬೇಡ. ಪೆನ್ನಿನ ಮೈ ಹಾಳಾದೀತು. ಚಿತ್ರಕಾರರ ಇಂಡಿಯನ್ ಇಂಕನ್ನು ಕನಸಿನಲ್ಲಿಯೂ ತುಂಬಬಾರದು. ತೊಳೆದ ಮೇಲೂ ಗೀಟು ತಪ್ಪುತ್ತಿದ್ದರೆ ಅಕ್ಕಸಾಲಿಗರ ಭೂತಗನ್ನಡಿಯಲ್ಲಿ ತುದಿಯನ್ನು ನೋಡಬೇಕು. ಸೀಳಿನ ಎರಡು ಹಲ್ಲುಗಳು ಒಂದೇ ಮಟ್ಟದಲ್ಲಿಲ್ಲದಿರಬಹುದು, ಇಲ್ಲವೆ ಕಾಗದದ ಎಳೆಯೊಂದು ಸಿಕ್ಕಿರಬಹುದು. ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ. ಲಕ್ಷ ರೂಪಾಯಿ ಉಳ್ಳವರಲ್ಲಿ ಈ ಅರ್ಧ ಗಂಟೆ ಇಲ್ಲವೆಂಬುದೇ ವಿಚಿತ್ರ.

ಕೊಳ್ಳುವ ರೀತಿಯೂ ಅಷ್ಟೇ ವಿಚಿತ್ರ. ದೊಡ್ಡ ಊರಿನ ಅಂಗಡಿಯೊಂದರಲ್ಲಿ, ನಿಬ್ಬನ್ನು ಅದ್ದಿ ಬರೆದು ನೋಡುತ್ತೇನೆಂದಾಗ, “ಶಾಯಿ ತಾಗಿದರೆ ಪೆನ್ನು ಹಳೆಯದಾಗುತ್ತದೆ” ಎಂದು ನನಗೆ ನಿರಾಕರಿಸಿದರು. ಹೋಳಿಗೆಯನ್ನು ತಿನ್ನದೆ ಬೆಲೆ ಕಟ್ಟಿದಂತಾಯಿತು. ಬರೆದು ನೋಡಲು ಬಿಟ್ಟ ಕಡೆಯಲ್ಲಿಯೂ ನಮ್ಮವರು ಮಾಡುವುದು ಇಂಗ್ಲಿಷ್ ಸಹಿ! ಕನ್ನಡ ಬರೆಯುವವನು ಕನ್ನಡದಲ್ಲಿಯೇ ಪರೀಕ್ಷಿಸಬೇಕು. ನಮ್ಮ ಅಕ್ಷರ ದುಂಡಗೆ ಸುತ್ತಿ ಹಿಂದಿರುಗುವಂಥದು. ನಿಬ್ಬು ದಪ್ಪವಾದರೆ ಥಕಾರದ ಹೊಟ್ಟೆಯ ಚುಕ್ಕೆ ಮುಚ್ಚಿಹೋಗುತ್ತದೆ, ಒತ್ತಕ್ಷರವು ಮಸಿಯ ಗುಡ್ಡೆಯಾಗುತ್ತದೆ. ತೀರ ಸಣ್ಣದಾದರೆ ಮೇಲಕ್ಕೆ ತಳ್ಳುವ ಗೀಟಿನಲ್ಲಿ ಕಾಗದವನ್ನು ಕೆರೆಯುತ್ತದೆ. ಣ, ಖ, ಕ್ಷ, ಜ್ಞ, ಸ್ತ್ರೀ ಇಷ್ಟನ್ನು ಹತ್ತು ಸಲ ಬರೆದರೆ ನಿಬ್ಬಿನ ಗುಣ ತಾನಾಗಿ ತಿಳಿಯುತ್ತದೆ. ಜಪಾನಿನ ಫೈನ್ ಎಂಬುದು ಸಾಮಾನ್ಯವಾಗಿ ಜರ್ಮನಿಯ ಫೈನ್‌ಗಿಂತ ಒಂದು ಮೆಟ್ಟಲು ಸಣ್ಣ ಎಂಬುದನ್ನೂ ನೆನಪಿಡಬೇಕು. ಮೋಂಟ್‌ಬ್ಲಾಂಕ್ ನಿಬ್ಬಿನ ಮೇಲಿನ 4810 ಎಂಬ ಅಂಕೆ ಆ ಹೆಸರಿನ ಶಿಖರದ ಎತ್ತರ ಎಂದು ನಮ್ಮ ಸ್ನೇಹಿತರೆಲ್ಲರೂ ಬಲ್ಲರು; ಆ ನಿಬ್ಬು ಕ್ಷಕಾರವನ್ನು ಹೇಗೆ ಬರೆಯುತ್ತದೆಂದು ಬಲ್ಲವರನ್ನು ನಾನು ಕಂಡಿಲ್ಲ.

ಮೂರನೆಯದು, “ಇದು ಹಣ ಹೂಡಿಕೆ, ಇದು ಕಲೆ” ಎಂಬುದು. ಇದರ ಪರಮಾವಧಿಯನ್ನು ನಾವು 2009ರಲ್ಲಿ ಕಂಡೆವು. ಮೋಂಟ್‌ಬ್ಲಾಂಕ್ ಕಂಪನಿ ಗಾಂಧೀಜಿಯ ಹೆಸರಿನಲ್ಲಿ ಚಿನ್ನದ ಪೆನ್ನು ಮಾಡಿತು; ದಂಡಿಯಾತ್ರೆಯ 241 ಮೈಲಿಗಳ ನೆನಪಿಗೆ 241 ಪೆನ್ನುಗಳು, ಒಂದೊಂದಕ್ಕೆ 11 ಲಕ್ಷ ರೂಪಾಯಿಗೂ ಮಿಕ್ಕ ಬೆಲೆ. ಕೇರಳದ ಹೈಕೋರ್ಟಿನಲ್ಲಿ ದಾವೆ ಹೂಡಲಾಗಿ 2010ರಲ್ಲಿ ಅದರ ಮಾರಾಟ ನಿಂತಿತು. ಉಪ್ಪಿಗಾಗಿ ನಡೆದವನಿಗೆ ಚಿನ್ನದ ಪೆನ್ನು! ಅದೇ ಗಾಂಧೀಜಿ 1935ರಲ್ಲಿ ರಾಜಮಹೇಂದ್ರಿಯ ರತ್ನಂ ಅವರ ಸ್ವದೇಶೀ ಪೆನ್ನನ್ನು ಮೆಚ್ಚಿ ಕಾಗದ ಬರೆದಿದ್ದರು. ಒಂದನ್ನು ಬೀಗ ಹಾಕಿಡಲು ಮಾಡಿದರು, ಇನ್ನೊಂದನ್ನು ಬರೆಯಲು ಮಾಡಿದರು. ಯಾವುದು ಕಲೆ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಇಷ್ಟು ಬಿರುಸಾಗಿ ಬರೆಯಲು ನನಗೇನು ಅಧಿಕಾರ ಎಂದು ಕೇಳಬಹುದು. ಅಪರಾಧಿಯ ಅಧಿಕಾರ. ಕೆಲವು ವರ್ಷಗಳ ಕೆಳಗೆ ಸಂಬಳದ ಬಾಕಿ ಬಂದಾಗ ನಾನೂ ಒಂದು ಚಿನ್ನದ ನಿಬ್ಬಿನ ಪೆನ್ನು ಕೊಂಡೆ. ಒಮ್ಮೆ ಶಾಯಿ ತುಂಬಿ, ನಾಲ್ಕು ಸಾಲು ಬರೆದು, ಆನಂದಪಟ್ಟು ಕಪಾಟಿನಲ್ಲಿಟ್ಟೆ. ಮರು ವರ್ಷ ರಾಯಬಾಗ ತಾಲೂಕಿನ ಕೃಷ್ಣೆಯ ದಂಡೆಯ ಹಳ್ಳಿಯೊಂದಕ್ಕೆ, ಬೀಸುವ ಪದಗಳನ್ನು ಬಲ್ಲ ಮುದುಕಿಯೊಬ್ಬಳ ಮನೆಗೆ, ಒಬ್ಬ ವಿದ್ಯಾರ್ಥಿಯೊಡನೆ ಹೋದೆ. ದೊಡ್ಡ ಕೆಲಸಕ್ಕೆ ದೊಡ್ಡ ಪೆನ್ನೆಂದು ಅದನ್ನೇ ಕಿಸೆಗೆ ಸಿಕ್ಕಿಸಿದ್ದೆ. ಮೊಬೈಲಿನಲ್ಲಿ ದನಿ ಹಿಡಿಯಲು ಆಕೆ ಒಪ್ಪಲಿಲ್ಲ. “ನನ್ನ ದನಿ ಡಬ್ಬಿಯೊಳಗ ಬ್ಯಾಡ್ರಿ, ಬರಕೋರಿ” ಎಂದಳು. ಹಾಡತೊಡಗಿದಳು, ಪೆನ್ನು ಬರೆಯಲಿಲ್ಲ. ಕೊಡವಿದೆ, ನಿಬ್ಬನ್ನು ನೀರಿಗೆ ಅದ್ದಿದೆ, ಒತ್ತಿದೆ. “ಮಾಸ್ತರ, ನಿಮ್ಮ ಪೆನ್ನಿಗೆ ನನಗಿಂತಾ ವಯಸ್ಸಾಗೈತೇನ್ರಿ?” ಎಂದು ಆಕೆ ನಕ್ಕಳು. ವಿದ್ಯಾರ್ಥಿ ತನ್ನ ಬಾಲ್‌ಪೆನ್ನು ಕೊಡುವಷ್ಟರಲ್ಲಿ ಎರಡು ಪದಗಳು ಮುಗಿದಿದ್ದವು. ಮುಂದಿನವನ್ನು ಬರೆದುಕೊಂಡೆ, ಆ ಎರಡನ್ನು ಇನ್ನೊಮ್ಮೆ ಬಂದು ಬರೆದುಕೊಳ್ಳುತ್ತೇನೆಂದೆ. ದೀಪಾವಳಿಯ ರಜೆಯಲ್ಲಿ ಹೋದಾಗ ಬೀಸುಕಲ್ಲು ಅಂಗಳದಲ್ಲಿತ್ತು, ಆಕೆ ಇರಲಿಲ್ಲ. ಆ ಎರಡು ಪದಗಳನ್ನು ಅದಾದ ಮೇಲೆ ಬೇರೆ ಯಾರ ಬಾಯಲ್ಲಿಯೂ ನಾನು ಕೇಳಿಲ್ಲ.

ಹಾಗಾದರೆ ಬಾಲ್‌ಪೆನ್ನೇ ಸಾಕಲ್ಲ ಎನ್ನಬಹುದು. ಆ ದಿನ ಅದೇ ಮಾನ ಕಾಯಿತು, ಕೃತಘ್ನನಾಗಲಾರೆ. ಆದರೆ ಮೂರು ತಾಸಿನ ಪರೀಕ್ಷೆಯಲ್ಲಿ ಒತ್ತಿ ಒತ್ತಿ ಬರೆದು ಬೆರಳು ನೋಯಿಸಿಕೊಳ್ಳುವ ಹುಡುಗ ಹುಡುಗಿಯರನ್ನು ನಾನು ಪ್ರತಿವರ್ಷ ಕಾಣುತ್ತೇನೆ. ಒಳ್ಳೆಯ ನಿಬ್ಬನ್ನು ಒತ್ತಬೇಕಿಲ್ಲ, ಇಟ್ಟರೆ ಸಾಕು, ತಾನೇ ನಡೆಯುತ್ತದೆ. ಮುಂಬಯಿಯ ಕ್ಯಾಮಲ್, ನಮ್ಮ ಬೆಂಗಳೂರಿನ ಬ್ರಿಲ್, ಇಂಥ ಸಾದಾ ಶಾಯಿಗಳಿಂದಲೇ ಈ ಸೀಮೆಯ ಎಷ್ಟೋ ಜನ ಅಕ್ಷರ ತಿದ್ದಿಕೊಂಡರು. ಆದುದರಿಂದ ನಿಪ್ಪಾಣಿಯ ನನ್ನ ಸ್ನೇಹಿತರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಕಪಾಟಿನ ಕೀಲಿ ತೆಗೆಯಿರಿ. ವಾರಕ್ಕೊಂದು ಪೆನ್ನಿಗೆ ಶಾಯಿ ತುಂಬಿ ಜಮಾಖರ್ಚನ್ನಾದರೂ ಬರೆಯಿರಿ. ಮಿಕ್ಕವುಗಳಲ್ಲಿ ಹತ್ತನ್ನು, ಉಕ್ಕಿನವನ್ನೇ ಆಗಲಿ, ಬರೆಯುವ ಹುಡುಗರ ಕೈಗೆ ಕೊಡಿ.

ಈ ಲೇಖನವನ್ನು ಅದೇ ಚಿನ್ನದ ನಿಬ್ಬಿನಿಂದ ಬರೆದಿದ್ದೇನೆ. ಮೂರನೆಯ ಪುಟದಲ್ಲಿ ಎರಡು ಸಲ ಗೀಟು ತಪ್ಪಿತು. ಎದ್ದು ಹೋಗಿ ತೊಳೆದುಕೊಂಡು ಬಂದು ಮುಂದುವರಿಸಿದೆ.