ಅಂಗಿ ಹೊಲಿದವಳು ಅವಳು, ಹೆಸರು ಯಾರದು?

ಪೋಸ್ಟ್ ಉದ್ದ ಇದೆ. ಸ್ವಂತ ಬಟ್ಟೆ ಬ್ರ್ಯಾಂಡ್ ಮಾಡ್ಬೇಕು ಅಂತಿರೋ ನಮ್ಮ ಹುಡುಗ ಹುಡುಗಿಯರು ಪೂರ್ತಿ ಓದಿ.

ಹೋದ ವಾರ ಮೂವರು ಬಂದಿದ್ರು. ಇಬ್ಬರು ಹುಡುಗರು, ಒಬ್ಬ ತಂಗಿ. ತಂಗಿ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಟೇಲರ್ ಆಗಿ ದುಡಿದವಳು. ಮೂವರೂ ಸೇರಿ ಏಪ್ರಿಲ್ 14ಕ್ಕೆ ಅಂತ ಅಂಗಿ, ಟೀ ಶರ್ಟ್ ಮಾಡಿ ಮಾರಿದ್ರು, ಚೆನ್ನಾಗೇ ಹೋಯ್ತು. ಎರಡನೇ ವರ್ಷ ಒಬ್ಬ ಪ್ರಗತಿಪರ ಸ್ನೇಹಿತರು ದುಡ್ಡು ಹಾಕಿದ್ರು. ಸಭೆಗಳಲ್ಲಿ ನಮ್ಮ ಪರ ಮಾತಾಡೋರು. "ಕಾಗದ ಪತ್ರದ ಬಗ್ಗೆ ನೀವು ತಲೆ ಕೆಡಿಸ್ಕೋಬೇಡಿ, ನಾನು ನೋಡ್ಕೋತೀನಿ" ಅಂದ್ರು. ನೋಡಿಕೊಂಡರು. ಜಿಎಸ್‌ಟಿ ಅವರ ಹೆಸರಲ್ಲಿ, ಬ್ಯಾಂಕ್ ಖಾತೆ ಅವರ ಹೆಸರಲ್ಲಿ, ಟ್ರೇಡ್‌ಮಾರ್ಕ್ ಅರ್ಜಿಯೂ ಅವರ ಹೆಸರಲ್ಲಿ. ಈಗ ಜಗಳ ಆಗಿದೆ. ಬ್ರ್ಯಾಂಡಿಗೆ ಹೆಸರಿಟ್ಟವಳು ತಂಗಿ. ಆ ಹೆಸರಲ್ಲಿ ಇನ್ನೊಂದು ಅಂಗಿ ಮಾರಿದ್ರೆ ಲಾಯರ್ ನೋಟಿಸ್ ಕಳಿಸ್ತೀನಿ ಅಂತಿದಾರೆ.

ಅವರ ಹೆಸರು ಬರೆಯಲ್ಲ. ನನ್ನ ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನಮ್ಮ ಮೇಲೆ.

"ನಮ್ಮ ನಮ್ಮಲ್ಲಿ ಕಾಗದ ಯಾಕಣ್ಣ, ನಂಬಿಕೆ ಸಾಲದಾ?" ಈ ಮಾತು ಚಳವಳಿಯೊಳಗೆ ಎಷ್ಟು ಸಲ ಕೇಳಿದೀನಿ! ತಲೆಮಾರುಗಟ್ಟಲೆ ಬಾಯಿಮಾತು ನಂಬಿ ಕೆಟ್ಟವರು ನಾವು. ಉತ್ತಿದ್ದು ನಮ್ಮಜ್ಜ, ಪಹಣಿ ದಣಿ ಹೆಸರಲ್ಲಿ. ಜೀತ ಮಾಡಿದ್ದು ನಮ್ಮಪ್ಪ, ಲೆಕ್ಕದ ಪುಸ್ತಕ ದಣಿ ಮನೇಲಿ. ನಮಗೆ ಹಕ್ಕು ಅಂತ ಒಂದು ಬಂದಿದ್ದೇ ಬರೆದಿಟ್ಟ ಕಾಗದದಿಂದ. ಸಂವಿಧಾನ ಎದೆಗೊತ್ತಿಕೊಂಡು ಮೆರವಣಿಗೆ ಹೋಗೋ ನಾವು ಪಾಲುದಾರಿಕೆ ಪತ್ರ ಬರೆಯೋಕೆ ಸಂಕೋಚ ಪಡ್ತೀವಿ ಅಂದ್ರೆ ಏನು ಹೇಳೋದು?

ಇನ್ನು ಕೆಲವರು, ವ್ಯಾಪಾರ ನಮ್ಮದಲ್ಲ, ಹೋರಾಟ ನಮ್ಮದು ಅಂತಾರೆ. ಬಾಬಾಸಾಹೇಬರು ವಿದೇಶದಿಂದ ಓದಿ ಬಂದ ಮೇಲೆ ಮುಂಬೈಯಲ್ಲಿ ಷೇರು ವ್ಯವಹಾರದ ಸಲಹೆ ಕೊಡೋ ಕಚೇರಿ ತೆರೆದಿದ್ದರು. ಅಸ್ಪೃಶ್ಯ ಅಂತ ಗೊತ್ತಾಗಿದ್ದೇ ಗಿರಾಕಿಗಳು ಬರೋದು ಬಿಟ್ಟರು, ಕಚೇರಿ ಮುಚ್ಚಿತು. ಬಟ್ಟೆ ವಿಷಯಕ್ಕೆ ಬಂದರೆ, 1927ರಲ್ಲಿ ಮಹಾಡ್‌ನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಹೇಗೆ ಉಡಬೇಕು ಅಂತ ಹೇಳಿದ್ದೂ ಅವರೇ. ಜಾತಿಯ ಗುರುತು ಬಟ್ಟೆಯಲ್ಲೇ ಕಾಣೋ ಹಾಗೆ ಉಡಬೇಡಿ ಅನ್ನೋದು ಆ ಮಾತಿನ ತಿರುಳು. ವ್ಯಾಪಾರವೂ ಬಟ್ಟೆಯೂ ನಮ್ಮ ಹೋರಾಟದ ಹೊರಗಿನವಲ್ಲ.

ಈಗ ವಿಷಯಕ್ಕೆ ಬರ್ತೀನಿ.

ಒಬ್ಬರೇ ಶುರು ಮಾಡೋದಾದರೆ ಪ್ರೊಪ್ರೈಟರ್‌ಶಿಪ್ ಸಾಕು. ಖರ್ಚು ಕಡಿಮೆ. ಉದ್ಯಮ್ ನೋಂದಣಿಗೆ ಸರ್ಕಾರ ಒಂದು ರೂಪಾಯಿನೂ ತಗೊಳ್ಳಲ್ಲ, ಸೈಬರ್ ಸೆಂಟರ್‌ನಲ್ಲಿ ಸಾವಿರಾರು ಕೇಳಿದ್ರೆ ಕೊಡಬೇಡಿ. ಆದರೆ ಒಂದು ನೆನಪಿರಲಿ. ಇಲ್ಲಿ ನೀವೂ ವ್ಯಾಪಾರವೂ ಬೇರೆ ಅಲ್ಲ. ತಿರುಪ್ಪೂರಿನಿಂದ ಸಾಲದಲ್ಲಿ ತಂದ ಬಟ್ಟೆ ಮಾರಾಟ ಆಗದೆ ಉಳಿದರೆ ಸಾಲ ನಿಮ್ಮ ಮನೆವರೆಗೂ ಬರುತ್ತೆ.

ಇಬ್ಬರು ಮೂವರು ಸೇರಿದ ಕೂಡಲೇ ಪಾಲುದಾರಿಕೆ. ಬರೆದುಕೊಳ್ಳದೇ ಇದ್ದರೂ ಕಾನೂನಿನ ಕಣ್ಣಲ್ಲಿ ಅದು ಪಾಲುದಾರಿಕೆಯೇ. 1932ರ ಕಾಯ್ದೆ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ಸಮ ಪಾಲು, ನಷ್ಟವೂ ಸಮ ಪಾಲು. ಸಂಸ್ಥೆಯ ವ್ಯವಹಾರಕ್ಕೆ ಅಂತ ಒಬ್ಬ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ನೋಂದಣಿ ಕಡ್ಡಾಯ ಅಲ್ಲ ಅಂತ ಹೇಳ್ತಾರೆ, ನಿಜ. ಆದರೆ ನೋಂದಣಿ ಆಗದ ಸಂಸ್ಥೆ ಒಪ್ಪಂದದ ದುಡ್ಡಿಗಾಗಿ ಹೊರಗಿನವರ ಮೇಲೆ ದಾವೆ ಹಾಕೋಕಾಗಲ್ಲ. ಐನೂರು ಪೀಸ್ ತಗೊಂಡ ಅಂಗಡಿಯವನು ದುಡ್ಡು ಕೊಡದಿದ್ರೆ ಕೋರ್ಟ್ ಬಾಗಿಲಲ್ಲೇ ನಿಲ್ಲಬೇಕು. ಅದಕ್ಕೇ ಪತ್ರ ಬರೆಸಿ, ನೋಂದಣಿ ಮಾಡಿಸಿ.

2008ರ ಕಾಯ್ದೆಯ ಎಲ್‌ಎಲ್‌ಪಿಯಲ್ಲಿ ಹೊಣೆ ಸಾಮಾನ್ಯವಾಗಿ ನೀವು ಹಾಕಿದ ಬಂಡವಾಳಕ್ಕೆ ಸೀಮಿತ. ಸಾಲದಲ್ಲಿ ಮಾಲು ತರೋರಿಗೆ ಇದು ಒಳ್ಳೇದು. ವಹಿವಾಟು 40 ಲಕ್ಷ, ಬಂಡವಾಳ 25 ಲಕ್ಷ ಮೀರದಿದ್ದರೆ ಆಡಿಟ್ ಕಡ್ಡಾಯ ಅಲ್ಲ. ಆದರೆ ಒಂದು ಅಂಗಿ ಮಾರದಿದ್ದರೂ ಪ್ರತಿ ವರ್ಷ ಫಾರ್ಮ್ 8, ಫಾರ್ಮ್ 11 ಸಲ್ಲಿಸಲೇಬೇಕು. ಇನ್ನೊಂದು, ಬ್ಯಾಂಕ್ ಸಾಲಕ್ಕೆ ವೈಯಕ್ತಿಕ ಜಾಮೀನು ಸಹಿ ಹಾಕಿದ್ರೆ ಆ ಸಾಲದ ಮಟ್ಟಿಗೆ ಸೀಮಿತ ಹೊಣೆ ಅನ್ನೋದು ನಿಮ್ಮನ್ನ ಕಾಯಲ್ಲ.

ಪ್ರೈವೇಟ್ ಲಿಮಿಟೆಡ್ ಅನ್ನೋದು ನಮ್ಮ ಹುಡುಗರಿಗೆ ಒಂದು ಗೀಳು. ವಿಸಿಟಿಂಗ್ ಕಾರ್ಡ್ ಮೇಲೆ 'ಡೈರೆಕ್ಟರ್' ಅಂತ ಹಾಕ್ಕೊಳ್ಳೋ ಆಸೆ ನನಗೂ ಅರ್ಥ ಆಗುತ್ತೆ. ನಮ್ಮನ್ನ ಯಾರೂ ಹಾಗೆ ಕರೆದಿಲ್ಲವಲ್ಲ. ಆದರೆ ವಹಿವಾಟು ಎಷ್ಟೇ ಇರಲಿ, ಕಂಪನಿಗೆ ಆಡಿಟ್ ಕಡ್ಡಾಯ. ವಾರ್ಷಿಕ ಲೆಕ್ಕ ತಡವಾದರೆ ಒಂದೊಂದು ಫಾರ್ಮಿಗೂ ದಿನಕ್ಕೆ 100 ರೂಪಾಯಿ. ಸತತ 3 ವರ್ಷ ಸಲ್ಲಿಸದಿದ್ರೆ ಡೈರೆಕ್ಟರ್ ಆಗೋ ಅರ್ಹತೆಯೇ 5 ವರ್ಷ ಹೋಗುತ್ತೆ. ಹೊರಗಿನವರು ಬಂಡವಾಳ ಹಾಕೋ ಹಂತ ಬಂದಾಗ ಮಾತ್ರ ಕಂಪನಿ ಮಾಡಿ. ಆಗಲೂ ಅವರಿಗೆ ಶೇ. 25ಕ್ಕಿಂತ ಹೆಚ್ಚು ಷೇರು ಕೊಟ್ಟರೆ ವಿಶೇಷ ನಿರ್ಣಯ ತಡೆಯೋ ಶಕ್ತಿ ಅವರ ಕೈಗೆ ಹೋಗುತ್ತೆ ಅನ್ನೋದು ಗೊತ್ತಿರಲಿ.

ಈಗ 51ರ ಲೆಕ್ಕ. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ಖರೀದಿಯಲ್ಲಿ ಶೇ. 4ರಷ್ಟನ್ನು ಎಸ್‌ಸಿ, ಎಸ್‌ಟಿ ಒಡೆತನದ ಸಣ್ಣ ಉದ್ದಿಮೆಗಳಿಂದ ಮಾಡಬೇಕು ಅಂತ 2012ರ ಖರೀದಿ ನೀತಿ ಹೇಳುತ್ತೆ. ಸಮವಸ್ತ್ರ, ಟೀ ಶರ್ಟ್ ಎಲ್ಲ ಕೊಳ್ಳೋರು ಅವರು. ಪಾಲುದಾರಿಕೆ ಆದರೂ ಕಂಪನಿ ಆದರೂ ಕನಿಷ್ಠ ಶೇ. 51 ನಮ್ಮವರದ್ದಾಗಿರಬೇಕು. "ಫಿಫ್ಟಿ ಫಿಫ್ಟಿ ಮಾಡೋಣ ಬ್ರದರ್" ಅಂತ ಪ್ರೀತಿಯಿಂದ ಬರೋರು ಆ ಒಂದು ಪರ್ಸೆಂಟ್‌ನಲ್ಲಿ ಏನು ಕಳೀತಾ ಇದೆ ಅಂತ ಹೇಳಲ್ಲ.

ಇದಕ್ಕಿಂತ ಕೆಟ್ಟದ್ದೂ ಇದೆ. ಜಾತಿ ಪ್ರಮಾಣಪತ್ರ ನಮ್ಮದು, ಚೆಕ್ ಬುಕ್ ಅವರದು. ಕಾಗದದ ಮೇಲೆ 51, ಕೈಗೆ ಬರೋದು ತಿಂಗಳಿಗಿಷ್ಟು ಅಂತ ಖರ್ಚಿನ ಕಾಸು. ಇದಕ್ಕೆ ಹೆಸರು ಬಾಡಿಗೆಗೆ ಕೊಡೋ ನಮ್ಮ ಕೆಲವು 'ಲೀಡರ್'ಗಳಿಗೂ ಹೇಳ್ತಿದೀನಿ: ನೀವು ಬಾಡಿಗೆಗೆ ಕೊಡ್ತಿರೋದು ನಿಮ್ಮ ಹೆಸರನ್ನಷ್ಟೇ ಅಲ್ಲ, ನಿಮ್ಮ ಕೇರಿಯ ಮುಂದಿನ ಹುಡುಗಿಯ ಪಾಲನ್ನ.

ಟ್ರೇಡ್‌ಮಾರ್ಕ್ ಮರೀಬೇಡಿ. ಕಂಪನಿ ನೋಂದಣಿ ಆದ ಮಾತ್ರಕ್ಕೆ ಬ್ರ್ಯಾಂಡ್ ಹೆಸರು ನಿಮ್ಮದಾಗಲ್ಲ. ಬಟ್ಟೆಗೆ 25ನೇ ವರ್ಗ. ವ್ಯಕ್ತಿ ಅಥವಾ ಸಣ್ಣ ಉದ್ದಿಮೆಯಾಗಿ ಆನ್‌ಲೈನ್ ಅರ್ಜಿ ಹಾಕಿದ್ರೆ ಶುಲ್ಕ 4,500 ರೂಪಾಯಿ. ಮೊದಲ ಬ್ಯಾಚ್ ಹೊಲಿಯೋಕೆ ಮುಂಚೆ ಈ ದುಡ್ಡು ಎತ್ತಿಡಿ. ಉದ್ಯಮ್‌ನಲ್ಲಿ ಹೊಲಿದು ಮಾರೋರು 'ತಯಾರಕರು' ಅಂತಲೇ ನಮೂದಿಸಿ. ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಬಡ್ಡಿ ಅನ್ನೋ ರಕ್ಷಣೆ ಬರೀ ಕೊಂಡು ಮಾರೋ ವ್ಯಾಪಾರಿಗೆ ಸಿಗಲ್ಲ.

ಆ ಮೂವರ ವಿಷಯಕ್ಕೆ ವಾಪಸ್ ಬರ್ತೀನಿ. ಟ್ರೇಡ್‌ಮಾರ್ಕ್ ಅರ್ಜಿ ಇನ್ನೂ ಜರ್ನಲ್‌ನಲ್ಲಿ ಪ್ರಕಟ ಆಗಿಲ್ಲ. ಆದ ಮೇಲೆ 4 ತಿಂಗಳೊಳಗೆ ಆಕ್ಷೇಪಣೆ ಹಾಕಬಹುದು. ಮೊದಲು ಬಳಸಿದವರ ಹಕ್ಕಿಗೆ ಕಾನೂನಲ್ಲಿ ಬೆಲೆ ಇದೆ. ಮೊದಲ ವರ್ಷದ ಬಿಲ್ಲು, ಫೋಟೋ, ಪೋಸ್ಟುಗಳನ್ನೆಲ್ಲ ಒಟ್ಟು ಮಾಡ್ತಿದೀವಿ, ಒಬ್ಬ ವಕೀಲರು ನೋಡ್ತಿದಾರೆ.

ಹೊಸದಾಗಿ ಪಾಲುದಾರಿಕೆ ಪತ್ರ ಬರೆಯೋಣ ಅಂತ ಕೂತ್ವಿ. ಪಾಲುದಾರರು ಯಾರು ಅಂದೆ. ಹುಡುಗರಿಬ್ಬರೂ ತಮ್ಮ ಹೆಸರು ಹೇಳಿದ್ರು. ತಂಗಿ? "ಅವಳಿಗೆ ಸಂಬಳ ಕೊಡ್ತೀವಲ್ಲ ಅಣ್ಣ."

ಎದ್ದು ಬಂದುಬಿಡೋಣ ಅನ್ನಿಸ್ತು. ಆ ಪ್ರಗತಿಪರರು ನಮಗೆ ಮಾಡಿದ್ದನ್ನೇ ನಾವು ನಮ್ಮ ಹೆಣ್ಣುಮಗಳಿಗೆ ಮಾಡೋಕೆ ಹೊರಟಿದ್ವಿ. ಅಂಗಿ ಮೇಲೆ ಬಾಬಾಸಾಹೇಬರ ಚಿತ್ರ, ಹೊಲಿದವಳಿಗೆ ಪೀಸ್ ರೇಟು. ಎರಡು ಗಂಟೆ ಜಗಳ ಆಡಿದ್ವಿ. ಕೊನೆಗೆ ಮೂರು ಹೆಸರು ಬಂತು, ಅವಳ ಪಾಲು 40, ಅವರಿಬ್ಬರದ್ದು ಮೂವತ್ತು ಮೂವತ್ತು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಅದರಲ್ಲಿ ಒಂದು ಕಡ್ಡಾಯವಾಗಿ ಅವಳದು.

ಪತ್ರದ ಮೇಲೆ ಸಹಿ ಹಾಕೋವಾಗ ತಂಗಿ ಎರಡು ಸಲ ಓದಿದಳು. ಗಾರ್ಮೆಂಟ್ಸ್‌ನಲ್ಲಿ ಎಂಟು ವರ್ಷ ಓದೋಕೆ ಬಿಡದೆ ಸಹಿ ಹಾಕಿಸ್ಕೊಂಡಿದ್ರಂತೆ.

ಓದಿ ಸಹಿ ಹಾಕಿ ಗೆಳೆಯರೇ. ಜೈ ಭೀಮ್.