ಆದಿವಾಸಿಗಳು ಅಪಾರ್ಟ್‌ಮೆಂಟ್ ಕಟ್ಟಬಾರದಾ?

ಆದಿವಾಸಿ ಅಂದ ತಕ್ಷಣ ನಿಮ್ಮ ತಲೆಗೆ ಏನು ಬರುತ್ತೆ? ನನಗಂತೂ ಕಾಡು, ಗುಡಿಸಲು, ಬಿಲ್ಲು ಬಾಣ. ಸ್ಕೂಲಲ್ಲಿ ಫ್ಯಾನ್ಸಿ ಡ್ರೆಸ್‌ಗೆ ಸೊಪ್ಪು ಕಟ್ಟಿಕೊಂಡು ಹೋಗಿದ್ದೂ ಇದೆ. ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. ಹಾಗಾಗಿ ಕೆನಡಾದ ವ್ಯಾಂಕೂವರ್ ನಗರದ ಸೆನಾಕ್ವ್ ಬಗ್ಗೆ ಮೊದಲ ಸಲ ಓದಿದಾಗ ವಿಚಿತ್ರ ಅನ್ನಿಸಿತು. ಅಲ್ಲಿನ ಸ್ಕ್ವಾಮಿಶ್ ಮೂಲನಿವಾಸಿಗಳು ಊರಿನ ನಡುವೆ 11 ಟವರ್, ಸುಮಾರು 6,000 ಮನೆಗಳ ಯೋಜನೆ ಕೈಗೆತ್ತಿಕೊಂಡಿದ್ದಾರೆ!

ಹಿನ್ನೆಲೆ ಸ್ವಲ್ಪ ಹೇಳಬೇಕು. ಆ ಜಾಗ ಅವರ ಹಳ್ಳಿಯೇ ಆಗಿತ್ತು. ಸರ್ಕಾರವೇ ಅದನ್ನು ಅವರಿಗೆ ಮೀಸಲು ಅಂತ ಗುರುತಿಸಿತ್ತು. ಆಮೇಲೆ ಒಂದಷ್ಟು ರೈಲ್ವೆಗೆ ಹೋಯ್ತು. 1913ರಲ್ಲಿ ಉಳಿದ ಕುಟುಂಬಗಳನ್ನು ದೊಡ್ಡ ದೋಣಿಗೆ ಹತ್ತಿಸಿ ಕಳಿಸಿ, ಮನೆಗಳಿಗೆ ಬೆಂಕಿ ಇಟ್ಟರು. ವರ್ಷಗಟ್ಟಲೆ ಕೋರ್ಟಿಗೆ ಅಲೆದ ಮೇಲೆ, ಸುಮಾರು 80 ಎಕರೆಯಲ್ಲಿ ವಾಪಸ್ ಸಿಕ್ಕಿದ್ದು 10 ಎಕರೆ ಚಿಲ್ಲರೆ. ಅದೂ ಬರಾರ್ಡ್ ಸೇತುವೆಯ ಬುಡದಲ್ಲಿರುವ ಹಳೇ ರೈಲ್ವೆ ಜಾಗ. ಅವರು ನಗರಕ್ಕೆ ಬಂದವರಲ್ಲ, ನಗರವೇ ಅವರ ಮೇಲೆ ಬಂದು ಕೂತಿತು.

2019ರಲ್ಲಿ ಸ್ಕ್ವಾಮಿಶ್ ಜನ ವೋಟ್ ಹಾಕಿ ಈ ಯೋಜನೆಗೆ ಒಪ್ಪಿದರು. ಮೀಸಲು ಜಮೀನಾದ್ದರಿಂದ ನಗರದ ಝೋನಿಂಗ್ ನಿಯಮ ಅದಕ್ಕೆ ಅನ್ವಯಿಸಲ್ಲ. ಅಕ್ಕಪಕ್ಕದವರ ತಕರಾರು ಶುರುವಾಯ್ತು: ತುಂಬಾ ಎತ್ತರ, ತುಂಬಾ ದಟ್ಟ. ಇದು ಮೂಲನಿವಾಸಿಗಳು ಕಟ್ಟೋ ರೀತಿನಾ ಅಂತಾನೂ ಕೆಲವರು ಕೇಳಿದ್ರು. ಈ ಮಾತು ನನಗೇ ಚುಚ್ಚಿತು, ಯಾಕಂದ್ರೆ ನನ್ನ ಪ್ರಶ್ನೆಯೂ ಅದೇ ಆಗಿತ್ತು. ನನ್ನ ಅಜ್ಜ ಕಟ್ಟಿದ್ದು ಹೆಂಚಿನ ಮನೆ, ನಾವಿರೋದು ಮೂರನೇ ಮಹಡಿ ಫ್ಲ್ಯಾಟ್. ಅದಕ್ಕೇ ನಾವು ಕನ್ನಡಿಗರಲ್ಲ ಅಂತ ಯಾರೂ ಹೇಳಲ್ಲ. ಅವರಿಗೆ ಮಾತ್ರ ಹಳೇ ಕಾಲದಲ್ಲೇ ಇರಿ ಅನ್ನೋದು ಯಾವ ನ್ಯಾಯ? 2021ರ ಜನಗಣತಿ ಪ್ರಕಾರ ಕೆನಡಾದ ದೊಡ್ಡ ನಗರಗಳಲ್ಲೇ 8 ಲಕ್ಷಕ್ಕೂ ಹೆಚ್ಚು ಮೂಲನಿವಾಸಿಗಳಿದ್ದಾರೆ.

ಹಾಗಂತ ಇಲ್ಲಿ ಎಲ್ಲವೂ ಸರಿ ಅಂತಲ್ಲ. ಬಹುಪಾಲು ಮನೆಗಳು ಹೊರಗಿನವರಿಗೆ ಬಾಡಿಗೆಗೆ ಹೋಗುತ್ತವೆ. ಆದರೆ ಆ ಬಾಡಿಗೆ ದುಡ್ಡಲ್ಲಿ ತಮ್ಮ ಜನರಿಗೆ ಏನು ಮಾಡಬೇಕು ಅಂತ ತೀರ್ಮಾನಿಸೋರು ಅವರೇ. ನೂರು ವರ್ಷದ ಹಿಂದೆ ಅವರನ್ನು ಕೇಳಿದವರೇ ಇರಲಿಲ್ಲ.

ಮುಂದೆ ನಮ್ಮಲ್ಲಿ ಕೆಲವರು ಸರ್ವೆ, ಪ್ಲಾನಿಂಗ್ ಕೆಲಸಕ್ಕೆ ಹೋಗ್ತೀವಿ. ಡ್ರಾಯಿಂಗ್ ಶೀಟ್‌ನಲ್ಲಿ ‘ಖಾಲಿ ಜಾಗ’ ಅಂತ ಬರೆಯೋ ಮುಂಚೆ ಅಲ್ಲಿ ಯಾರಿದ್ರು ಅಂತ ಒಂದು ಸಲ ಕೇಳೋಣ. ಉತ್ತರ ಸಿಕ್ಕ ಮೇಲೆ ಅವರನ್ನು ಮೀಟಿಂಗ್‌ಗೆ ಕರೆದು ಟೀ ಕೊಟ್ಟು ಕಳಿಸಿದರೆ ಸಾಲದು. ಪ್ಲಾನ್‌ಗೆ ಸಹಿ ಹಾಕುವವರಲ್ಲಿ ಅವರೂ ಇರಬೇಕು.